ಸೋಡಿಯಂನ ಕೆಳಗಿನ ಮನೆ

ಮನುಷ್ಯದೇಹದ ಮೂರರಲ್ಲಿ ಎರಡು ಪಾಲು ಬರೀ ನೀರು ಎಂಬುದು ಗಂಭೀರವಾಗಿ ಯೋಚಿಸಬೇಕಾದ ಸಂಗತಿ. ಬೆಂಗಳೂರು ವಿಜಯನಗರದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಕೂತು ನಾನು ಕಂಡುಕೊಂಡದ್ದು, ಉಳಿದ ಒಂದು ಪಾಲು ಕಾಫಿ ಎಂದು. ಈ ಶೋಧವನ್ನು ಒಪ್ಪದವರು ಒಬ್ಬರೇ, ನಮ್ಮ ಕೆಮಿಸ್ಟ್ರಿ ಮೇಷ್ಟ್ರು.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಎರಡು ತೋಳು. ನೀರಿನ ಪಾಠದ ದಿನ ಕ್ಲಾಸಿನ ಮುಂದೆ ನಿಂತು, ಮುಷ್ಟಿ ಬಿಗಿದು, ತೋಳುಗಳನ್ನು ಹೆಂಚಿನ ಮನೆಯ ಸೂರಿನ ಹಾಗೆ ಇಳಿಜಾರಾಗಿ ಚಾಚುತ್ತಿದ್ದರು. ಬೋಳುತಲೆ ಆಕ್ಸಿಜನ್, ಎರಡು ಮುಷ್ಟಿ ಎರಡು ಹೈಡ್ರೋಜನ್. ಬಲಗೈ ಬೆರಳುಗಳ ತುದಿ ಸಿಲ್ವರ್ ನೈಟ್ರೇಟ್ ತಾಗಿ ಸದಾ ಕಪ್ಪು. ಮದುವೆ ಊಟಕ್ಕೆ ಕೂತರೆ ಪಕ್ಕದವರು ಎಲೆಯನ್ನು ತುಸು ಆಚೆಗೆ ಎಳೆದುಕೊಳ್ಳುವಷ್ಟು. ಬೋರ್ಡಿಗೆ ಬಳಸುವ ಮರದ ಕೋನಮಾಪಕ ತಂದು ಹುಡುಗರಿಂದಲೇ ತೋಳಿನ ಕೋನ ಅಳೆಸುತ್ತಿದ್ದರು. ನೂರಾ ನಾಲ್ಕೂವರೆ ಡಿಗ್ರಿ. ಹೆಚ್ಚು ಕಡಿಮೆಯಾದರೆ ಅದು ನೀರಲ್ಲ, ಡ್ರಿಲ್ ಕ್ಲಾಸು ಎನ್ನುವರು.

"ನೀರು ನೆಟ್ಟಗೆ ನಿಂತಿದ್ರೆ ಭೂಮಿ ಮೇಲೆ ಒಂದು ಸೊಳ್ಳೆನೂ ಹುಟ್ತಿರ್ಲಿಲ್ಲ ಕಣ್ರೋ. ಬಗ್ಗಿದೆ, ಅದಕ್ಕೇ ಬದುಕಿದೀವಿ."

ಅವರು ಮಾತ್ರ ಬಗ್ಗಿದವರಲ್ಲ. ಕಮಿಟಿಯವರೊಬ್ಬರ ಮಗನಿಗೆ ಎರಡು ಮಾರ್ಕು ಸೇರಿಸಿ ಎಂದು ಹೆಡ್‌ಮಾಸ್ಟರು ಕೇಳಿಕೊಂಡಾಗ, ಸುಳ್ಳು ಹೇಳುವ ಟೆಸ್ಟ್ ಟ್ಯೂಬ್ ಒಂದಿದ್ದರೆ ಕೊಡಿ, ಸೇರಿಸುತ್ತೇನೆ ಎಂದರು. ಹುಡುಗ ಫೇಲಾದ. ಮೇಷ್ಟ್ರಿಗೆ ಮೂರು ವರ್ಷ ಶನಿವಾರದ ಕೊನೇ ಪೀರಿಯಡ್ಡು ಬಿತ್ತು.

ಬಂಧಗಳ ಪಾಠವನ್ನು ಅವರು ಟಿಫನ್ ಡಬ್ಬಿಯಲ್ಲಿ ಮಾಡುತ್ತಿದ್ದರು. ಇಬ್ಬರು ಒಂದೇ ಡಬ್ಬಿಗೆ ಕೈ ಹಾಕಿ ಹಂಚಿಕೊಂಡರೆ ಅದು ನೀರಿನೊಳಗಿನ ಬಂಧ. ಒಬ್ಬನ ಡಬ್ಬಿಯಲ್ಲಿ ಒಂದು ಚಪಾತಿ ಹೆಚ್ಚು, ಇನ್ನೊಬ್ಬನಿಗೆ ಒಂದು ಕಡಿಮೆ. ಇವನು ಕೊಟ್ಟ, ಅವನು ಇಸಕೊಂಡ, ಇಬ್ಬರೂ ಅಂಟಿಕೊಂಡರು. ಅದು ಉಪ್ಪು. ಕೊಟ್ಟವನು ಸೋಡಿಯಂ, ಇಸಕೊಂಡವನು ಕ್ಲೋರಿನ್. ಉಲ್ಲಾಳದಿಂದ ಎರಡು ಬಸ್ಸು ಬದಲಿಸಿ, ಕೆಲವೊಮ್ಮೆ ಡಬ್ಬಿಯಿಲ್ಲದೆ ಬರುತ್ತಿದ್ದ ಮಕ್ಕಳಿಗೆ ಈ ಪಾಠ ಬೇಗ ತಲೆಗೆ ಹತ್ತುತ್ತಿತ್ತು. ಕನ್ನಡ ಪಂಡಿತನಾದ ನನಗೆ ಹತ್ತಲಿಲ್ಲ. ನಿಮ್ಮ ಕವಿಗಳು ನೀರಿನ ಮೇಲೆ ಅಷ್ಟೊಂದು ಬರೆದರಲ್ಲ, ಒಬ್ಬರಾದರೂ ಕೋನ ಅಳೆದರೇ ಎಂದು ನನ್ನನ್ನು ಕೆಣಕುವರು. ನಾಯಕಿಯ ಕಣ್ಣು ಅಳೆಯುವುದರಲ್ಲೇ ಅವರ ಆಯುಸ್ಸು ಮುಗಿಯಿತು ಎಂದು ನಾನು ಸಮಜಾಯಿಷಿ ಕೊಡುವೆ.

ಇಬ್ಬರೂ ಒಂದೇ ವರ್ಷ ನಿವೃತ್ತರಾದೆವು. ಮಲ್ಲತ್ತಹಳ್ಳಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಎರಡು ಕ್ರಾಸು. ಬೆಳಿಗ್ಗೆ ಕೆರೆ ಸುತ್ತ ನಡೆಯುತ್ತ ಅವರು ಆ ನೀರಿನಲ್ಲಿ ಏನೇನು ಕರಗಿದೆ ಎಂದು ಪಟ್ಟಿ ಹೇಳುವರು. ನಾನು ಮೂಗು ಮುಚ್ಚಿಕೊಂಡು ಕೇಳುವೆ. ಮೂರನೇ ವರ್ಷ ಅವರ ಪಾದ ಊದಿತು. ಬೀಪಿ ಎಂಬುದು ಜನಸಾಮಾನ್ಯರಿಗೆ ಬರುವ ಕಾಯಿಲೆ ಎಂದು ನಂಬಿದ್ದವರ ಎರಡೂ ಕಿಡ್ನಿಗಳನ್ನು ಅದು ಸದ್ದಿಲ್ಲದೆ ತಿಂದಿತ್ತು. ಮಂಗಳವಾರ, ಗುರುವಾರ, ಶನಿವಾರ ರಾಜಾಜಿನಗರದ ಕಡೆ ಡಯಾಲಿಸಿಸ್ ಶುರುವಾಯಿತು. ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಕುಡಿಯುವಂತಿಲ್ಲ ಎಂದು ಡಾಕ್ಟರು ಹೇಳಿದರು. ಎಡ ತೋಳಿನಲ್ಲಿ ರಕ್ತನಾಳ ಜೋಡಿಸಿ ಸೂಜಿಗೆ ದಾರಿ ಮಾಡಿದರು. ಆಮೇಲೆ ಆ ತೋಳನ್ನು ಅವರು ಎಂದೂ ಪೂರ್ತಿ ಚಾಚಲಿಲ್ಲ.

ಮೊದಲ ಸಲ ನೋಡಲು ಹೋದಾಗ, ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂಬ ನಮ್ಮ ಕಡೆಯ ಪದ್ಧತಿಯಂತೆ ಎರಡು ಎಳನೀರು ಒಯ್ದೆ. ಅವರು ಅವನ್ನೇ ದಿಟ್ಟಿಸಿದರು.

"ಪಂಡಿತರೇ, ಕೊಲ್ಲಕ್ಕೆ ಬರೋರು ಇಷ್ಟು ಖುಷಿಯಾಗಿ ಬರೋದನ್ನ ನಾನು ನೋಡಿರ್ಲಿಲ್ಲ."

ಆಮೇಲೆ ನಲವತ್ತು ನಿಮಿಷ ಪಾಠ. ಎಳನೀರಿನ ತುಂಬ ಪೊಟ್ಯಾಸಿಯಂ. ಗಟ್ಟಿ ಕಿಡ್ನಿ ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ, ಅವರದು ಹಾಕಲಾರದು. ರಕ್ತದಲ್ಲಿ ಅದು ಏರಿದರೆ ಮೊದಲು ಕಾಲು ಸೋಲುತ್ತದೆ, ಆಮೇಲೆ ಹೃದಯ ಬಡಿಯುವುದನ್ನು ಮರೆಯುತ್ತದೆ. ಎರಡೂ ಎಳನೀರನ್ನು ನಾನೇ ಅವರ ಮನೆ ಮೆಟ್ಟಿಲ ಮೇಲೆ ಕೂತು ಕುಡಿದೆ. ಪಾಠ ಕೇಳಿದ ವಿದ್ಯಾರ್ಥಿಯ ಹುಮ್ಮಸ್ಸಿನಲ್ಲಿ ಮಾರನೇ ದಿನ ಗೇಟಿಗೆ ‘ದಯವಿಟ್ಟು ಎಳನೀರು ತರಬೇಡಿ’ ಎಂದು ದುಂಡಗೆ ಬರೆದು ತೂಗುಹಾಕಿ, ಕಾವಲುಗಾರನ ಪದವಿಯನ್ನು ನಾನೇ ಅಲಂಕರಿಸಿದೆ.

ಅವರ ಹೆಂಡತಿಯನ್ನು ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದೆವು. ಆಕೆ ತರಕಾರಿಯನ್ನು ಕುದಿಸಿ, ನೀರು ಬಸಿದು ಚೆಲ್ಲಿ, ಮತ್ತೆ ಕುದಿಸಿ ಪಲ್ಯ ಮಾಡುವರು. ಪೊಟ್ಯಾಸಿಯಂ ಜೊತೆಗೆ ರುಚಿಯೂ ಚರಂಡಿಗೆ ಹೋಗುತ್ತಿತ್ತು. ಮೇಷ್ಟ್ರು ಹಳೆಯ ಅಳತೆಯ ಜಾಡಿಯೊಂದರಲ್ಲಿ ನೀರು ಹೊಯ್ದು, ಕಣ್ಣಿನ ಮಟ್ಟಕ್ಕೆ ಹಿಡಿದು, ಓದಿ ಕುಡಿಯುವರು. ಉಪ್ಪು ತಿಂದರೆ ಬಾಯಾರಿಕೆ, ಬಾಯಾರಿದರೆ ನೀರು, ನೀರು ಕುಡಿದರೆ ಉಬ್ಬಸ. ಆದ್ದರಿಂದ ಉಪ್ಪೂ ಇಲ್ಲ. ಏಪ್ರಿಲ್ ಹೊತ್ತಿಗೆ ಅವರು ತಟ್ಟೆ ಮುಂದೆ ಸುಮ್ಮನೆ ಕೂತು ಎದ್ದುಹೋಗತೊಡಗಿದರು. ಎರಡು ತುತ್ತು ತಿನ್ನುವ ಹಾಗೆ ಏನಾದರೂ ದಾರಿ ಇದೆಯಾ ಎಂದು ಅಮ್ಮಾವ್ರು ನನ್ನನ್ನು ಕೇಳಿದರು.

ದಾರಿ ಬಸವೇಶ್ವರನಗರದ ಅಂಗಡಿಯೊಂದರಲ್ಲಿ ಸಿಕ್ಕಿತು. ಉಪ್ಪಿನ ಪ್ಯಾಕೆಟ್ಟು, ಮೇಲೆ ಕೆಂಪು ಹೃದಯದ ಚಿತ್ರ, ಸೋಡಿಯಂ ಕಡಿಮೆ ಎಂಬ ದಪ್ಪ ಅಕ್ಷರ. ಮುಂಭಾಗವನ್ನು ಎರಡು ಸಲ ಓದಿದೆ. ಹಿಂಭಾಗವನ್ನು ಓದಲಿಲ್ಲ. ಇದು ಬೀಪಿಯವರಿಗೆಂದೇ ಮಾಡಿದ್ದು, ಧಾರಾಳವಾಗಿ ಹಾಕಿ ಎಂದು ಅಮ್ಮಾವ್ರಿಗೆ ಕೊಟ್ಟೆ. ಉಪ್ಪೆಂದರೆ ಅವರು ಗಾಬರಿಯಾಗುತ್ತಾರೆ, ಸದ್ಯಕ್ಕೆ ಹೇಳುವುದು ಬೇಡ ಎಂಬ ಉಪದೇಶವೂ ನನ್ನದೇ. ಆಕೆ ಅದನ್ನು ಅಡುಗೆಮನೆಯ ಪಿಂಗಾಣಿ ಭರಣಿಗೆ ಸುರಿದರು.

ಹತ್ತು ದಿನ ಮೇಷ್ಟ್ರು ಹೊಟ್ಟೆತುಂಬ ಉಂಡರು. ಸಾರು ಕೊಂಚ ಕಹಿ ಅನಿಸುತ್ತದೆ, ಕಾಯಿಲೆಯ ನಾಲಿಗೆ ಎಂದರು. ನಾನು ಒಳಗೊಳಗೇ ಬೀಗಿದೆ.

ಮೇ ತಿಂಗಳ ಒಂದು ಸೋಮವಾರ. ಶನಿವಾರದ ಡಯಾಲಿಸಿಸ್ ಆಗಿ ಎರಡನೇ ದಿನ. ಬೆಳಿಗ್ಗೆ ಹೋದಾಗ ಅಮ್ಮಾವ್ರು ಹಾಲಿಗೆ ಹೋಗಿದ್ದರು. ಮೇಷ್ಟ್ರು ಕುರ್ಚಿಯಲ್ಲಿದ್ದರು, ಏಳಲು ಕಾಲು ಬರುತ್ತಿರಲಿಲ್ಲ. ಮನೆಯಲ್ಲಿ ಹೊಸದಾಗಿ ಏನು ಬಂದಿದೆ ಎಂದು ಕೇಳಿದರು. ಹೇಳಿದೆ, ಆಗಲೂ ಸ್ವಲ್ಪ ಹೆಮ್ಮೆಯಿಂದಲೇ. ಭರಣಿಯ ಹಿಂದೆ ಮಡಿಚಿಟ್ಟಿದ್ದ ಪ್ಯಾಕೆಟ್ಟನ್ನು ನನ್ನಿಂದ ತರಿಸಿ, ಕನ್ನಡಕ ಹಣೆಗೇರಿಸಿ, ಹಿಂಭಾಗದ ಸಣ್ಣ ಅಕ್ಷರ ಓದಿದರು. ಪೊಟ್ಯಾಸಿಯಂ ಕ್ಲೋರೈಡ್.

"ಸೋಡಿಯಂ ಕಡಿಮೆ ಅಂದ್ರೆ, ಆ ಜಾಗದಲ್ಲಿ ಯಾರನ್ನ ಕೂರಿಸಿದಾರೆ ಅಂತ ಕೇಳ್ಬೇಕಿತ್ತು ಪಂಡಿತರೇ. ಮೂಲವಸ್ತುಗಳ ಪಟ್ಟಿಯಲ್ಲಿ ಸೋಡಿಯಂ ಇರೋ ಸಾಲೇ, ಒಂದು ಕೆಳಗಿನ ಮನೆ. ಇವನ ಹತ್ರನೂ ಒಂದು ಚಪಾತಿ ಹೆಚ್ಚು."

ನಾನು ಅವರ ಕಾಲು ಹಿಡಿದೆ. ಅವರು ಬೈಯಲಿಲ್ಲ. ಬಾಯಿ ಒಣಗಿ ಮಾತು ತುಂಡು ತುಂಡಾಗಿ ಬಂತು.

"ಪ್ಯಾಕೆಟ್ಟು ಜೇಬಿಗೆ ಹಾಕ್ಕೊಳಿ. ಭರಣಿ ತೊಳೀರಿ, ಮಾಮೂಲಿ ಉಪ್ಪು ತುಂಬಿ. ಅವಳಿಗೆ ಹೇಳ್ಬೇಡಿ. ನೀವು ತಂದಿರಿ ಸರಿ, ಕಲಸಿ ಬಡಿಸಿದ ಕೈ ಅವಳದು. ಅದು ಅವಳಿಗೆ ಗೊತ್ತಾಗಬಾರದು."

ತೊಳೆದೆ, ತುಂಬಿದೆ. ಅಮ್ಮಾವ್ರು ಬಂದರು, ಆಟೋ ಬಂತು. ದಾರಿಯಲ್ಲಿ ಒಂದು ಸಿಗ್ನಲ್ಲಿನಲ್ಲಿ ಅವರ ಕುತ್ತಿಗೆ ಒಮ್ಮೆ ವಾಲಿತು. ಆಸ್ಪತ್ರೆಯ ಯುವ ಡಾಕ್ಟರು ಇಸಿಜಿ ಪಟ್ಟಿ ನೋಡಿ, ಪೊಟ್ಯಾಸಿಯಂ ಏರಿದೆ, ಏನು ತಿಂದಿರಿ ಎಂದು ಕೇಳಿದರು. ಅಮ್ಮಾವ್ರು ಪಕ್ಕದಲ್ಲೇ ನಿಂತಿದ್ದರು.

"ಮಾವಿನಹಣ್ಣು," ಎಂದರು ಮೇಷ್ಟ್ರು. "ನಾಲ್ಕು. ಇವಳು ಮಲಗಿದಾಗ ಕದ್ದು ತಿಂದೆ."

ಅಮ್ಮಾವ್ರು ಹಣೆ ಚಚ್ಚಿಕೊಂಡರು. ಮಕ್ಕಳಿಗೆ ಬುದ್ಧಿ ಹೇಳುವವರು ಹೀಗಾ ಮಾಡುವುದು ಎಂದು ಅವರನ್ನು ಅಲ್ಲೇ ಬೈದರು. ಮೇಷ್ಟ್ರು ತಪ್ಪು ಒಪ್ಪಿದ ಹುಡುಗನ ಹಾಗೆ ತಲೆಯಾಡಿಸಿದರು. ನನ್ನ ಜೇಬಿನಲ್ಲಿ ಪ್ಯಾಕೆಟ್ಟು ಸರಸರ ಎಂದರೆ ಎಂಬ ಭಯಕ್ಕೆ ನಾನು ಅಲುಗಾಡದೆ ನಿಂತಿದ್ದೆ. ಇಂಜೆಕ್ಷನ್ ಕೊಟ್ಟರು. ಡಯಾಲಿಸಿಸ್ ಮೆಷಿನ್ನುಗಳೆಲ್ಲ ತುಂಬಿದ್ದವು. ಒಬ್ಬರದು ಅರ್ಧದಲ್ಲಿ ನಿಲ್ಲಿಸಿ ಜಾಗ ಮಾಡುತ್ತಿದ್ದರು. ಅದು ಆಗುವುದರೊಳಗೆ, ಹನ್ನೊಂದು ಗಂಟೆಯ ಸುಮಾರಿಗೆ, ಅವರ ಹೃದಯ ನಿಂತಿತು. ಎರಡು ಸಲ ಶಾಕ್ ಕೊಟ್ಟರು. ಮೂರನೆಯದನ್ನು ಕೊಡಲಿಲ್ಲ.

ಹದಿಮೂರನೇ ದಿನಕ್ಕೆ ಬಂದ ಹಳೆಯ ವಿದ್ಯಾರ್ಥಿಗಳಿಗೆಲ್ಲ ಅಮ್ಮಾವ್ರು ನಾಲ್ಕು ಮಾವಿನಹಣ್ಣಿನ ಕಥೆ ಹೇಳಿದರು. ಅಷ್ಟು ಕಟ್ಟುನಿಟ್ಟಿನ ಮನುಷ್ಯ, ಕೊನೆಗೆ ನಾಲಿಗೆಯನ್ನು ಗೆಲ್ಲಲಿಲ್ಲವಲ್ಲ ಎಂದು ಒಬ್ಬ ನನ್ನ ಕಡೆ ನೋಡಿ ಹೇಳಿದ. ಹೌದು ಎಂದೆ. ಇಡೀ ಸರ್ವೀಸಿನಲ್ಲಿ ಅರ್ಧ ಮಾರ್ಕು ಸುಳ್ಳು ಬರೆಯದವರ ಮೇಲೆ ಆ ಮಾತು ಹಾಗೇ ನಿಂತಿತು. ಆಮೇಲೂ ಎಷ್ಟೋ ಸಲ ಅಮ್ಮಾವ್ರ ಎದುರು ಬಾಯಿ ತೆರೆದೆ, ಕಾಫಿ ಕುಡಿದು ಎದ್ದುಬಂದೆ.

ಅಮ್ಮಾವ್ರು ಹೋದ ಜನವರಿಯಲ್ಲಿ ತೀರಿಕೊಂಡರು. ಕೊನೆಯವರೆಗೂ ಅದು ಮಾವಿನಹಣ್ಣಿನಿಂದಲೇ ಆದದ್ದೆಂದು ನಂಬಿದ್ದರು.