ಆಯಿಲ್ ಕೂಲರ್ ಹಾಕಿಸಿದ ಮೇಲೆ

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಸ್ಟೀರಿಂಗ್ ಮೇಲೆ ಬೆರಳು ಕುಟ್ಟುತ್ತೇನೆ, ಸಿನಿಮಾದ ನಡುವೆ ಸುಮ್ಮನೆ ಎದ್ದು ಹೊರಗೆ ಹೋಗಿ ಬರುತ್ತೇನೆ. ನನ್ನ ಗಂಡ ಇದಕ್ಕೆ ಪೂರ್ತಿ ತದ್ವಿರುದ್ಧ. ಮೈಸೂರಿನಿಂದ ವರ್ಗವಾಗಿ ಚೆನ್ನೈಗೆ ಬಂದ ಬ್ಯಾಂಕಿನ ಮನುಷ್ಯ. ಕಾಫಿ ಆರಿ ಕೆನೆ ಕಟ್ಟುವವರೆಗೂ ಲೋಟ ಹಿಡಿದು ಕೂರಬಲ್ಲರು. ನಾನು ಇಲ್ಲಿಯ ರೈಲ್ವೆ ಕ್ವಾರ್ಟರ್ಸಿನಲ್ಲೇ ಬೆಳೆದವಳು. ಮನೆಯಲ್ಲಿ ಕಾರು ಓಡಿಸುತ್ತಿದ್ದವಳು ನಾನೊಬ್ಬಳೇ. ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಕಲಿಯುವ ಉತ್ಸಾಹವೂ ಇರಲಿಲ್ಲ.

ಇನ್ಶೂರೆನ್ಸ್ ಆಫೀಸಿನಲ್ಲಿ ನನ್ನದು ವಾಹನಗಳ ಕ್ಲೇಮ್ ನೋಡುವ ಕೆಲಸ. ದಿನವಿಡೀ ಮೇಜಿನ ಮೇಲೆ ನುಜ್ಜುಗುಜ್ಜಾದ ಕಾರುಗಳ ಫೋಟೋಗಳು. ಅವೆಲ್ಲ ಬೇರೆಯವರ ಕಾರುಗಳು ಎಂದೇ ನನ್ನ ಲೆಕ್ಕ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ನನ್ನ ಕಾರಿಗೆ ಅಂಬತ್ತೂರಿನ ಗ್ಯಾರೇಜೊಂದರಲ್ಲಿ ಹೊಸ ಸೈಲೆನ್ಸರ್, ಹೊಸ ಏರ್ ಫಿಲ್ಟರ್, ಇನ್ನೂ ಏನೇನೋ ಹಾಕಿಸಿ, ಅದರ ಎಂಜಿನ್ನಿಗೆ ಇನ್ನಷ್ಟು ಜೀವ ತುಂಬಿಸಿದ್ದೆ. ಈಸ್ಟ್ ಕೋಸ್ಟ್ ರೋಡು ಆಗಷ್ಟೇ ಅಗಲವಾಗಿತ್ತು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೊರಟು, ಮಹಾಬಲಿಪುರಂ ಮುಟ್ಟಿ, ಇಡ್ಲಿ ತಿಂದು, ಬಿಸಿಲೇರುವ ಮುಂಚೆ ವಾಪಸ್ಸು. ವಾರವಿಡೀ ನಾನು ಹಲ್ಲು ಕಚ್ಚಿಕೊಂಡು ಬದುಕುತ್ತಿದ್ದದ್ದು ಆ ಒಂದು ಬೆಳಿಗ್ಗೆಗಾಗಿ. ಅದಕ್ಕೆ ಯಾರಾದರೂ ಅಡ್ಡ ಬಂದರೆ ನನಗೆ ರೇಗುತ್ತಿತ್ತು.

ಅಡ್ಡ ಬಂದದ್ದು ಒಂದು ಮೀಟರು. ಎಂಜಿನ್ ಆಯಿಲ್ ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಪುಟ್ಟ ಗುಂಡನೆಯ ಮೀಟರು. ನನ್ನ ಮುಂದೆ ಜಾಗವಿರಲಿಲ್ಲವೆಂದು ಮೆಕ್ಯಾನಿಕ್ ಅದನ್ನು ಎಡಗಡೆ ಸೀಟಿನ ಮುಂದೆ ಕೂರಿಸಿದ್ದ. ಅದರ ಮುಖ ನನ್ನ ಗಂಡನ ಕಡೆಗಿತ್ತು. ನನಗೆ ಕಾಣಬೇಕೆಂದರೆ ಕತ್ತು ಉದ್ದ ಮಾಡಿ ಬಗ್ಗಬೇಕು. ಆ ವೇಗದಲ್ಲಿ ಅದು ಆಗದ ಮಾತು. ಹೀಗಾಗಿ ಮುಳ್ಳನ್ನು ನೋಡಿ ಹೇಳುವ ಕೆಲಸ ಅವರದಾಯಿತು.

"ನೂರ ಐದು," ಅನ್ನುತ್ತಿದ್ದರು, ಮುತ್ತುಕಾಡಿನ ಸೇತುವೆ ದಾಟುತ್ತಲೇ. ಇನ್ನೊಂದು ಸ್ವಲ್ಪ ಒತ್ತಿದರೆ, "ನೂರ ಹದಿನೈದು." ಆಮೇಲೆ ದನಿ ತೀರಾ ತಗ್ಗಿಸಿ, "ನೂರ ಇಪ್ಪತ್ತು ಕಣೇ."

"ಬಿಸಿಯಾಗ್ಲೇಬೇಕು ರೀ. ತಣ್ಣಗಿರೋ ಆಯಿಲ್ ಕಟ್ಕೊಂಡು ಏನ್ ಮಾಡ್ಲಿ?" ಎಂದು ಗದರುತ್ತಿದ್ದೆ. ಆದರೂ ಕಾಲು ತನ್ನಷ್ಟಕ್ಕೆ ಸಡಿಲವಾಗುತ್ತಿತ್ತು. ಎಂಜಿನ್ ನನ್ನದಲ್ಲವೇ, ಸುಟ್ಟುಹೋದರೆ? ಮತ್ತೆ ಅವರು "ನೂರ ಹತ್ತು, ಈಗ ಪರವಾಗಿಲ್ಲ" ಅನ್ನುವವರೆಗೆ ಮೊಪೆಡ್ಡುಗಳ ಹಿಂದೆ ತೆವಳಿಕೊಂಡು ಹೋಗಬೇಕು. ಪ್ರತಿ ಭಾನುವಾರ ಇದೇ ಗೋಳು. ನೀವು ಬರಬೇಡಿ, ನಿದ್ದೆ ಮಾಡಿ ಅಂದರೂ ಕೇಳುತ್ತಿರಲಿಲ್ಲ. ನಾನು ಕೀಲಿ ತೆಗೆದುಕೊಳ್ಳುವ ಮುಂಚೆಯೇ ಷೂ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು.

ಕೊನೆಗೆ ತಾಳ್ಮೆ ಕೆಟ್ಟು ಅಂಬತ್ತೂರಿಗೆ ಹೋಗಿ, ಆಯಿಲ್ ಕೂಲರ್ ಹಾಕು ಅಂದೆ. ಬಂಪರಿನ ಹಿಂದೆ ಕೂರಿಸುವ ಚಿಕ್ಕ ರೇಡಿಯೇಟರಿನಂಥದ್ದು ಅದು. ಆಯಿಲ್ಲನ್ನು ಗಾಳಿಗೊಡ್ಡಿ ತಣಿಸುತ್ತದೆ. ಮೆಕ್ಯಾನಿಕ್ ತಲೆ ಕೆರೆದುಕೊಂಡ. "ರೇಸ್ ವಂಡಿಕ್ಕು ಸರಿ. ವೀಟ್ಟು ವಂಡಿಕ್ಕು ಎದುಕ್ಕು ಮೇಡಂ?" ಮನೆ ಗಾಡಿಗೆ ಯಾಕೆ ಅಂತ. ಅವನು ಹೇಳಿದ್ದು ನನಗೂ ಗೊತ್ತಿದ್ದ ವಿಷಯವೇ. ಟ್ರ್ಯಾಕಿನಲ್ಲಿ ಬಿಡುವಿಲ್ಲದೆ ಒತ್ತುವವರಿಗೆ ಅದು ಬೇಕು. ರೋಡಿನಲ್ಲಿ ಎಮ್ಮೆ ಅಡ್ಡ ಬರುತ್ತದೆ, ಟೋಲ್ ಬರುತ್ತದೆ, ಕಾಲು ಎತ್ತಿದರೆ ಆಯಿಲ್ ತಾನೇ ತಣಿಯುತ್ತದೆ. ಊರೊಳಗಿನ ಟ್ರಾಫಿಕ್ಕಿನಲ್ಲಿ ಕೂಲರಿಗೆ ಗಾಳಿಯೇ ಸಿಗುವುದಿಲ್ಲ. ಮೇಲಾಗಿ ಇನ್ನೆರಡು ಪೈಪು, ಸೋರುವುದಕ್ಕೆ ಇನ್ನಷ್ಟು ಜಾಗ. ಎಲ್ಲ ಗೊತ್ತಿದ್ದೂ ಹಾಕಿಸಿದೆ. ನನಗೆ ಬೇಕಾಗಿದ್ದದ್ದು ಗಂಡನ ಬಾಯಿ ಮುಚ್ಚಿಸುವ ಒಂದು ಯಂತ್ರ.

ಮುಂದಿನ ಭಾನುವಾರ ಸೇತುವೆ ದಾಟಿದೆವು. ಎಡಗಡೆಯಿಂದ ಸದ್ದಿಲ್ಲ.

"ಎಷ್ಟಿದೆ?" ನಾನೇ ಕೇಳಿದೆ.

"ತೊಂಬತ್ತೈದು."

ಒತ್ತಿದೆ. ಗಾಳಿಮರಗಳು ಸರಸರನೆ ಹಿಂದಕ್ಕೆ ಓಡಿದವು. "ಈಗ?"

"ತೊಂಬತ್ತೈದೇ."

ಗೆದ್ದೆ ಅನಿಸಿತು. ಎಷ್ಟೋ ತಿಂಗಳಿಂದ ಬೇಕೆಂದಿದ್ದ ವೇಗ ಅದು; ಮೈಯೆಲ್ಲ ಹಗುರವಾಯಿತು. ಕೋವಳಂ ಕಳೆದ ಮೇಲೆ ಒಂದು ಮೀನಿನ ಲಾರಿಯನ್ನು ಹಿಂದೆ ಹಾಕಿದೆ. ಎದುರಿಗೊಂದು ವ್ಯಾನು ಬರುತ್ತಿತ್ತು, ಜಾಗ ಸಾಕಷ್ಟಿತ್ತು, ಅಥವಾ ನನಗೆ ಹಾಗನಿಸಿತು. ವ್ಯಾನಿನವನು ಹಾರ್ನ್ ಒತ್ತಿಹಿಡಿದೇ ಪಕ್ಕದಲ್ಲಿ ಹಾದುಹೋದ.

"ನಿಲ್ಸು," ಅಂದರು ನನ್ನ ಗಂಡ.

ರಸ್ತೆ ಬದಿಗೆ ನಿಲ್ಲಿಸಿದೆ. ಬಾಗಿಲ ಮೇಲಿನ ಹಿಡಿಯನ್ನು ಅವರು ಇನ್ನೂ ಬಿಟ್ಟಿರಲಿಲ್ಲ.

"ಭಯ ಆಗ್ತಿದೆ ಕಣೇ. ಮೊದಲಿಂದ್ಲೂ ಆಗ್ತಿತ್ತು."

"ಹೇಳೋಕ್ಕೇನಾಗಿತ್ತು ನಿಮಗೆ?"

"ಹೇಳ್ತಾನೇ ಇದ್ನಲ್ಲ, ಪ್ರತಿ ವಾರ. ಆ ಮುಳ್ಳು ಒಂದು ದಿನಾನೂ ನೂರು ದಾಟಿಲ್ಲ. ನೂರಿಪ್ಪತ್ತು ಅಂದ್ರೆ ನೀನು ಕಾಲೆತ್ತೋದು ಗೊತ್ತಾಯ್ತು. ಅದಕ್ಕೇ ಅಂತಿದ್ದೆ."

ಇಲ್ಲದ ಬಿಸಿಯನ್ನು ತಣಿಸಲು ಕೂಲರ್ ಹಾಕಿಸಿದ್ದೆ.

"ಇವತ್ತೂ ಅನ್ನಬಹುದಿತ್ತಲ್ಲ?"

"ಅಂದ್ರೆ ನಾಳೆ ಹೋಗಿ ಪಾಪ ಆ ಮೆಕ್ಯಾನಿಕ್ ಮೇಲೆ ಹಾರಾಡ್ತೀಯ."

ಉರಿದುಹೋಯಿತು ನನಗೆ. ಇಷ್ಟು ದಿನ ನನ್ನನ್ನು ಚಿಕ್ಕ ಮಗುವಿನಂತೆ ಆಡಿಸಿದ್ದರು. "ಅಷ್ಟು ಭಯ ಇದ್ರೆ ಯಾಕ್ರೀ ಬರ್ತಿದ್ರಿ? ಮನೇಲಿರಬಹುದಿತ್ತಲ್ಲ!"

"ನಾನಿಲ್ದಿದ್ರೆ ನಿನಗೆ ನಂಬರ್ ಹೇಳೋರ್ಯಾರು?"

"ಇನ್ನು ಯಾರೂ ಹೇಳೋದು ಬೇಡ," ಅಂದುಬಿಟ್ಟೆ.

ಅವರು ಇಳಿದು, ಎರಡೂ ಕಡೆ ನೋಡಿ, ನಿಧಾನವಾಗಿ ರಸ್ತೆ ದಾಟಿ ಬಸ್ ಸ್ಟಾಪಿನಲ್ಲಿ ನಿಂತರು. ಕೂಗಿ ಕರೆಯಬೇಕು ಅನಿಸಿತು, ಕರೆಯಲಿಲ್ಲ. ಚೆನ್ನೈಗೆ ವಾಪಸ್ಸು ಹೋಗುವ ಬಸ್ಸು ಬಂತು, ಹತ್ತಿದರು.

ಕಾರು ತಿರುಗಿಸಿದೆ. ಅವರಿಗಿಂತ ಮುಂಚೆ ಮನೆ ಸೇರಿ, ಬಾಗಿಲು ಹಾಕಿಕೊಂಡು ಮಲಗಿಬಿಡಬೇಕು ಎಂದುಕೊಂಡೆ. ಕ್ಷಣದಲ್ಲಿ ಬಸ್ಸಿನ ಬೆನ್ನಿಗೆ ಬಂದೆ. ಎದುರುಗಡೆ ರಸ್ತೆ ಪೂರ್ತಿ ಖಾಲಿ. ಹಿಂದೆ ಹಾಕಲು ಬಲಕ್ಕೆ ಎಳೆದುಕೊಂಡವಳು ಏನೋ ಕೇಳಿಸಿಕೊಳ್ಳಲು ಕಾದೆ. ಎಡಗಡೆ ಸೀಟು ಸುಮ್ಮನಿತ್ತು. ಅಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ.

ಮತ್ತೆ ಎಡಕ್ಕೆ ಬಂದೆ. ಊರು ಮುಟ್ಟುವವರೆಗೂ ಬಸ್ಸು ನಿಂತ ಕಡೆಯೆಲ್ಲ ಅದರ ಹಿಂದೆ ನಾನೂ ನಿಂತೆ.