ಗುರುಶಾಂತವ್ವನ ಬಳೆ, ಮಮತಾಳ ಬಿಟ್ಟ ಸ್ಥಳ

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲಿನಂತಿದೆ, ಮಾತೂ ಸರಿಯಾಗಿ ಜೋಡಿಸಲು ಬರುವುದಿಲ್ಲ. ಓದುವವರು ಮನ್ನಿಸಬೇಕು. ಇದು ಇಡಗುಂದಿಯ ಮಮತಾಳ ಕಥೆ.

ಹೋದ ವರ್ಷ, ೨೦೦೩ರಲ್ಲಿ, ಹತ್ತನೆಯ ತರಗತಿಯ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ ಅವಳು ಓದು ಬಿಟ್ಟು ಮನೆಯಲ್ಲೇ ಉಳಿದಳು. ಅವಳ ಕಷ್ಟವೆಲ್ಲ ‘ಬಿಟ್ಟ ಸ್ಥಳ ತುಂಬಿರಿ’ಯದು. ನಾಲ್ಕು ಪದ ಕೊಟ್ಟಿರುತ್ತಾರೆ, ಒಂದನ್ನು ಆರಿಸಬೇಕು. ಅವುಗಳಲ್ಲಿ ಒಂದರ ಅರ್ಥ ತಿಳಿಯದಿದ್ದರೂ ಮಮತಾ ಜಾಗ ಖಾಲಿ ಬಿಡುತ್ತಿದ್ದಳು. ಗೊತ್ತಿಲ್ಲದ್ದನ್ನು ಬರೆದರೆ ಸುಳ್ಳು ಹೇಳಿದ ಹಾಗೆ ಎಂದು ಅವಳ ಎಣಿಕೆ. ಪಾಸಾದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬಹುದು. ಮತ್ತೆ ಪರೀಕ್ಷೆಗೆ ಕಟ್ಟಲು ನಾಳೆಯೇ ಕೊನೆಯ ದಿನ. ಹೋಗುವುದೇ ಇಲ್ಲ ಎಂದು ಅವಳು ಹಟ ಹಿಡಿದಿದ್ದಳು.

ಇಂದು ಮಧ್ಯಾಹ್ನ ಹಾವೇರಿ ಕಡೆಯ ಬಳೆಗಾರ್ತಿ ಗುರುಶಾಂತವ್ವ ಮಮತಾಳ ಮನೆಗೆ ಬಂದು ಜಗಲಿಯಲ್ಲಿ ಪೆಟ್ಟಿಗೆ ತೆರೆದಳು. ಪಕ್ಕದ ಮನೆಯ ದುರ್ಗಮ್ಮ ಜಗಲಿ ಹತ್ತಿದವಳೇ ಮಿರಿಮಿರಿ ಹಸಿರು ಬಳೆಗೆ ಕೈ ಹಾಕಿದಳು. ಗುರುಶಾಂತವ್ವ ಪೆಟ್ಟಿಗೆಯ ಮೇಲೆ ಸೆರಗು ಎಳೆದಳು.

“ಬಳಿ ಆಮ್ಯಾಲ ನೋಡ್ರಿ ಯಕ್ಕಾ. ಮೊದಲ ಕೈ ಇತ್ತ ಕೊಡ್ರಿ.”

“ಎಂತಕ್ಕೆ ಮುಚ್ತೆ ಮಾರಾಯ್ತಿ? ನಾನೆಂತ ಕದ್ಕಂಡ್ ಹೋಗ್ತ್ನಾ?”

“ಹೊಳಪು ಕಂಡ್ರ ಕೈ ಮರೀತೀರಿ. ಕೈಗೆ ಏನ್ ಬೇಕಂತ ಮೊದಲ ತಿಳಕೋಬೇಕು.”

ದುರ್ಗಮ್ಮನ ಅಂಗೈ ಹಿಸುಕಿ ನೋಡಿ, ಆಮೇಲಷ್ಟೇ ಸೆರಗು ಸರಿಸಿದಳು. ಬಿಗಿಯಾಗುವುದನ್ನು ಆಚೆ ಇಟ್ಟಳು, ಸಡಿಲಾಗುವುದನ್ನೂ ಆಚೆ ಇಟ್ಟಳು. ಉಳಿದದ್ದು ಸಲೀಸಾಗಿ ಏರಿತು.

“ಅಳತೆ ಇಲ್ದೇ ಹ್ಯಾಂಗೆ ತಿಳೀತು ಅವ್ವಾ?” ಮಮತಾ ಕೇಳಿದಳು.

“ಉಳಿದಾವೆಲ್ಲಾ ಆಗೂದಿಲ್ಲಂದ್ರ ಇದ ಆಗಬೇಕಲ್ಲ, ತಂಗಿ! ಅನುಮಾನ ಐತಂತ ಬರಿಗೈಲೆ ಕಳಿಸಿದ್ರ ನನ್ನ ಹೊಟ್ಟಿ ತುಂಬತೈತೇನ?”

ಮಮತಾ ಒಳಗೆ ಓಡಿ ಹಳೆಯ ಗೈಡು ತಂದಳು. ನಾಲ್ಕು ಪದಗಳನ್ನೂ ಅಂಗೈಯಲ್ಲಿ ಮುಚ್ಚಿ ವಾಕ್ಯವನ್ನಷ್ಟೇ ಓದಿದಳು. ರಾಜು ಬಡವ, ಆದರೆ ಅವನು... ‘ಆದರೆ’ ಇದ್ದ ಮೇಲೆ ಮುಂದೆ ಒಳ್ಳೆಯ ಗುಣ ಬರಬೇಕು. ಕೈ ತೆಗೆದಳು. ಲೇಜಿ ಎಂದರೆ ಸೋಮಾರಿ, ಆಗದು. ವೀಕ್, ಗ್ರೀಡಿ, ಅವೂ ಆಗವು. ಉಳಿದದ್ದು ಜೆನರಸ್. ಅದರ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಪೆನ್ಸಿಲ್ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಕೊನೆಗೆ ಬರೆದೇ ಬಿಟ್ಟಳು. ಗೈಡಿನ ಕೊನೆಯ ಪುಟದಲ್ಲಿ ಉತ್ತರವೂ ಅದೇ ಇತ್ತು!

ಹಾಗೆಯೇ ಉಳಿದ ಒಂಬತ್ತನ್ನೂ ತುಂಬಿದಳು. ಹತ್ತರಲ್ಲಿ ಏಳು ಸರಿಯಾದವು. ಖಾಲಿ ಬಿಟ್ಟದ್ದು ಒಂದೂ ಇಲ್ಲ.

“ಎಂತದೇ, ಒಬ್ಳೇ ನಗ್ಯಾಡ್ತೆ?” ದುರ್ಗಮ್ಮ ಕೇಳಿದಳು.

“ಮೂರು ಬಳೆ ಒಡದ್ವು ಚಿಕ್ಕಮ್ಮಾ. ಏಳು ಕೈಗೆ ಬಂದ್ವು.”

ನಾಳೆ ಮೊದಲ ಬಸ್ಸಿಗೆ ಮಮತಾ ಯಲ್ಲಾಪುರಕ್ಕೆ ಹೋಗಿ ಪರೀಕ್ಷೆಯ ಫಾರ್ಮು ತುಂಬಿ ಕೊಡುತ್ತಾಳೆ.