ಅಕ್ಕ ಬಿಟ್ಟುಕೊಟ್ಟ ಸರದಿ

ಪುಣೆಯಲ್ಲಿ ನನಗೆ ಸಿಕ್ಕ ಮೊದಲ ಮನೆ ಮೂರನೇ ಮಹಡಿಯಲ್ಲಿತ್ತು. ಅದಕ್ಕೆ ಬಾಗಿಲಿಲ್ಲ, ಕಿಟಕಿಯಿಲ್ಲ, ಒಂದು ಬದಿಗೆ ಗೋಡೆಯೂ ಇಲ್ಲ. ಕಟ್ಟುವವರು ಕಟ್ಟುತ್ತಿರುವ ಕಟ್ಟಡದಲ್ಲೇ ಇರಬೇಕು; ಬಾಗಿಲು ಕೂರಿಸಿದ ದಿನ ಗಂಟುಮೂಟೆ ಹೊತ್ತು ಹೊರಬೀಳಬೇಕು. ಅಲ್ಲಿ ನನ್ನ ಹೆಸರು ಬಿಗಾರಿ, ಅಂದರೆ ಸಿಮೆಂಟು ಹೊರುವ ಆಳು. ಮರಾಠಿ ನಮ್ಮ ಕಡೆಯೂ ಕಿವಿಗೆ ಬಿದ್ದದ್ದೇ, ಬೈಗುಳದ ಮರಾಠಿ ಮಾತ್ರ ಅಲ್ಲಿ ಕಲಿತೆ. ರೊಟ್ಟಿ ಬಡಿಯುವ ಸಪ್ಪಳವಿಲ್ಲದ ಊರಿನಲ್ಲಿ ಪಾವ್ ನುಂಗಿ ದಿನ ಕಳೆದೆ.

ನಮ್ಮ ಅಂಕಲಗಿಯಲ್ಲಿ ಮನೆ ಕಟ್ಟುವ ರೀತಿಯೇ ಬೇರೆ. ಊರಿಗೆಲ್ಲ ಕಾಕಾ ಆಗಿದ್ದ ಮುಖಂಡರೊಬ್ಬರು ತಾವೇ ಮಣ್ಣಿನ ಪುಟ್ಟಿ ಹೊತ್ತು ಬಡವರಿಗೆ ಮನೆ ಕಟ್ಟಿದವರು. ಅವರು ತೀರಿಕೊಂಡ ಮೇಲೆ ಪ್ರತಿ ಪುಣ್ಯತಿಥಿಗೆ ಊರವರು ಕೂಲಿಯಿಲ್ಲದೆ ದುಡಿದು ಒಂದು ಮನೆ ಎಬ್ಬಿಸುತ್ತಾರೆ. ಯಾರಿಗೆ ಎಂಬುದು ಸಭೆಯಲ್ಲಿ ತೀರ್ಮಾನವಾಗುತ್ತದೆ. ನಾನು ಪುಣೆಗೆ ಹೋದ ವರ್ಷ ಸರದಿ ನನ್ನ ಅಕ್ಕ ನೀಲವ್ವನದು. ಗಂಡನಿಲ್ಲದವಳು. ಅವಳ ಮಣ್ಣಿನ ಗೋಡೆ ಆಗಲೇ ಹೊಟ್ಟೆ ಬಿಟ್ಟಿತ್ತು.

ನಾನೋ, ಆ ಮೂರನೇ ಮಹಡಿಯಲ್ಲಿ ಗೋಡೆಯಿದ್ದ ಬದಿಗೆ ನಿಂತು ಫೋಟೊ ತೆಗೆಸಿ ಅವಳಿಗೆ ಕಳಿಸಿದ್ದೆ. ಜೊತೆಗೆ ನಾಲ್ಕನೇ ಇಯತ್ತೆವರೆಗೆ ಕಲಿತ ಅಕ್ಷರದಲ್ಲಿ ಬರೆದಿದ್ದೆ: "ಇಲ್ಲೆ ಮನಿ ಆಗೇತಿ. ನಿನಗೂ ಒಂದು ಖೋಲಿ ಐತಿ." ಬಿಗಾರಿ ಎಂದು ಹೇಳಿಕೊಳ್ಳಲು ನಾಚಿಕೆ, ಅಷ್ಟೇ.

ಅಕ್ಕ ಆ ಫೋಟೊವನ್ನು ಸಭೆಗೆ ಒಯ್ದಳಂತೆ. "ನೋಡ್ರಿ, ನನ್ನ ತಮ್ಮಂದು ಮಹಡಿ ಮನಿ! ನನ್ನ ಹೆಸರು ತಗೀರಿ. ಕಾಕಾ ಇದ್ದಿದ್ರ ಮನಿ ಇಲ್ಲದವರಿಗೇ ಕಟ್ತಿದ್ರು."

"ನೀಲವ್ವಾ, ವಿಚಾರ ಮಾಡಬೇ. ನಾಳೆ ತಮ್ಮನ ಹೇಂತಿ ಬಂದ್ಲಂದ್ರ ನಿನ್ನ ಖೋಲಿ ಎಲ್ಲಿಂದು?" ಎಂದು ಗೋಡೆ ಕಟ್ಟುವ ಗವಂಡಿ ಬಸಪ್ಪ ನಕ್ಕನಂತೆ.

"ನನ್ನ ತಮ್ಮ ಅಂಥಾಂವ ಅಲ್ಲೋ."

ಇದನ್ನೆಲ್ಲ ಅವಳು ಹೆಮ್ಮೆಯಿಂದ ಬರೆಸಿ ಕಳಿಸಿದ್ದಳು. ಪುಣ್ಯತಿಥಿಗೆ ಇನ್ನೂ ಹದಿನೈದು ದಿನವಿತ್ತು. ನಾನು ಒಂದು ಕಾರ್ಡು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ.

ಶ್ರಾವಣದ ಮಳೆಗೆ ಆ ಗೋಡೆ ಹಾಡಹಗಲೇ, ರೊಟ್ಟಿ ಮಾಡುತ್ತಿದ್ದವಳ ಮೇಲೆ ಬಿತ್ತು. ಗೋಕಾಕದ ದವಾಖಾನೆಯಿಂದ ಅವಳನ್ನು ಹೊತ್ತು ತಂದರು. ಮತ್ತೆ ಎದ್ದು ನಡೆಯಲಿಲ್ಲ.

ಈಗ ದೊಡ್ಡಪ್ಪನ ಪಡಸಾಲೆಯಲ್ಲಿ ಮಲಗಿದ್ದಾಳೆ. ನಾನು ಹೋದಾಗಲೆಲ್ಲ, "ಪುಣೆಕ ಯಾವಾಗ ಕರ್ಕೊಂಡು ಹೋಗ್ತೀಯೋ?" ಎನ್ನುತ್ತಾಳೆ. "ಮುಂದಿನ ವರ್ಷ ಅಕ್ಕಾ" ಎನ್ನುತ್ತೇನೆ. ಪುಣ್ಯತಿಥಿಗೆ ಬಂದು ಬೇರೆಯವರ ಮನೆಗೆ ಇಟ್ಟಂಗಿ ಇಡುತ್ತೇನೆ. ಪಟ್ಟಿಯಲ್ಲಿ ಅವಳ ಹೆಸರಿಲ್ಲ. ತಮ್ಮನ ಮನೆ ಇದೆಯಲ್ಲ!

ಅಂಕಲಗಿಯವರು ಯಾರಾದರೂ ಇದನ್ನು ಓದಿದರೆ, ಈ ಸಲದ ಸಭೆಯಲ್ಲಿ ಅಕ್ಕನನ್ನು ಕೂರಿಸಿ, ಅವಳಿಗೆ ಕೇಳುವಂತೆ ಗಟ್ಟಿಯಾಗಿ ಓದಿ. ನನ್ನ ಬಾಯಿಂದ ಆಗಲಿಲ್ಲ. ಊರಿನಲ್ಲಿ ನಾನು ಪುಣೆಯ ಮನೆಯವನು. ಪುಣೆಯಲ್ಲಿ, ಬಾಗಿಲು ಕೂರಿಸಿದ ಮನೆಯೊಳಗೆ ಇಂದಿಗೂ ಒಂದು ದಿನವೂ ಮಲಗಿದವನಲ್ಲ.